ಐದು ಕಾಲಮ್ಮಿನ ಜಿರಾಫೆ

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ ಪೂರ್ತಿ ನಾನು ಸಂಬಳ ತೆಗೆದುಕೊಂಡು ಜಿರಾಫೆ ನೋಡಿದ್ದೇನೆ. ಹೇಳಿದರೆ ಯಾರೂ ನಂಬುವುದಿಲ್ಲ. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಇದ್ದವನು ಬೋಲ್ಟು ನೋಡಬೇಕು, ಬೇರಿಂಗು ನೋಡಬೇಕು, ಹೆಚ್ಚೆಂದರೆ ಗೋಡೆ ಗಡಿಯಾರ ನೋಡಬೇಕು. ನಾನು ನೋಡಿದ್ದು ಎರಡು ಜಿರಾಫೆಗಳನ್ನು, ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ, ಐದು ನಿಮಿಷಕ್ಕೊಮ್ಮೆ. ಬರೀ ನೋಡಿದ್ದರೆ ಇದನ್ನು ಬರೆಯುವ ಅಗತ್ಯ ಬರುತ್ತಿರಲಿಲ್ಲ. ನೋಡಿದ್ದನ್ನು ಹಾಳೆಗೆ ಇಳಿಸಿದೆ, ಹಾಳೆಗೆ ಸಹಿ ಹಾಕಿದೆ. ಅದರಿಂದ ಒಂದು ಜಿರಾಫೆಯ ನಾಲಿಗೆಯೂ ಒಬ್ಬ ಮನುಷ್ಯನ ಕೆಲಸವೂ ಕೆಟ್ಟವು.

ನನ್ನ ಹುದ್ದೆಯ ಹೆಸರು ಇಂಗ್ಲಿಷಿನಲ್ಲಿ ಉದ್ದವಾಗಿತ್ತು. ಕನ್ನಡದಲ್ಲಿ ಹೇಳುವುದಾದರೆ, ದುಡಿಯುವವರ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಲ್ಲುವವನು. ಲೇತಿನ ಮುಂದಿದ್ದವನು ಒಂದು ತುಂಡು ಕಡೆಯಲು ಎಷ್ಟು ಸೆಕೆಂಡು ತೆಗೆದುಕೊಂಡ, ನಡುವೆ ಮೂಗು ತುರಿಸಿಕೊಳ್ಳಲು ಎಷ್ಟು ತೆಗೆದುಕೊಂಡ, ಎರಡನ್ನೂ ಬೇರೆ ಬೇರೆ ಬರೆಯುವುದು ನನ್ನ ವಿದ್ಯೆ. ನಾನು ಶಾಪಿನೊಳಗೆ ಕಾಲಿಟ್ಟರೆ ಜನ ಚುರುಕಾಗುತ್ತಿದ್ದರು. ಅದು ನನ್ನ ಮೇಲಿನ ಗೌರವ ಎಂದು ಬಹಳ ವರ್ಷ ತಿಳಿದುಕೊಂಡಿದ್ದೆ.

ಆ ವರ್ಷ ನಮ್ಮ ಕಂಪನಿಗೆ ಇದ್ದಕ್ಕಿದ್ದಂತೆ ಪ್ರಾಣಿದಯೆ ಉಕ್ಕಿತು. ಕಾರ್ಖಾನೆಯಿಂದ ನಾಲ್ಕು ಮೈಲಿ ಆಚೆ ಒಂದು ಟ್ರಸ್ಟಿನವರ ಸಣ್ಣ ಮೃಗಾಲಯವಿತ್ತು. ಅಲ್ಲಿಗೆ ಎಲ್ಲೋ ಕಡಲತೀರದ ಊರಿನಿಂದ ಎರಡು ಹೆಣ್ಣು ಜಿರಾಫೆ ಬಂದವು. ಅವುಗಳನ್ನು ಕಂಪನಿ ದತ್ತು ತೆಗೆದುಕೊಂಡಿತು, ಇರಲು ಒಂದು ಶೆಡ್ಡು ಕಟ್ಟಿಸಿಕೊಟ್ಟಿತು, ಶೆಡ್ಡಿನ ಮುಂದೆ ತನ್ನ ಹೆಸರಿನ ಬೋರ್ಡು ನಿಲ್ಲಿಸಿತು. ಬೋರ್ಡು ಎಷ್ಟು ದೊಡ್ಡದೆಂದರೆ ಅದರ ಹಿಂದೆ ನಿಂತ ಜಿರಾಫೆಯ ತಲೆ ಮಾತ್ರ ಕಾಣುತ್ತಿತ್ತು. ಸೆಕೆಯ ಊರಿನ ಪ್ರಾಣಿಗಳು ನಮ್ಮ ಚಳಿಯನ್ನು ಹೇಗೆ ಕಳೆಯುತ್ತವೆ ಎಂದು ದಿನವಿಡೀ ಗಮನಿಸಿ ಬರೆಯಲು ಒಬ್ಬರು ಬೇಕೆಂದು ಟ್ರಸ್ಟಿನವರು ಕೇಳಿದರು. ನಮ್ಮ ಮ್ಯಾನೇಜರು ಟ್ರಸ್ಟಿನ ಸಮಿತಿಯಲ್ಲೂ ಇದ್ದವರು. ನನ್ನನ್ನು ಕರೆಸಿದರು.

"ಆರ್ಡರ್ ಕಮ್ಮಿ ಇದೆ, ನೀವೂ ಫ್ರೀ ಇದ್ದೀರ. ಅಷ್ಟು ಮೆಷಿನ್ ಸ್ಟಡಿ ಮಾಡಿದೀರ, ಜಿರಾಫೆ ಏನ್ ಕಷ್ಟ ಕಣ್ರೀ? ಆದ್ರೆ ಒಂದು, ನಮ್ಮ ಫಾರಂನಲ್ಲೇ ಬರೀಬೇಕು."

ಫಾರಂ ವಿಷಯದಲ್ಲಿ ಅವರದ್ದು ತಪ್ಪೆಂದು ಹೇಳುವಂತಿರಲಿಲ್ಲ. ಆಗ ಬೊಮ್ಮಸಂದ್ರದಿಂದ ಪೀಣ್ಯದವರೆಗೆ ಪ್ರತಿ ಕಾರ್ಖಾನೆಗೂ ಗುಣಮಟ್ಟದ ಅಂತರರಾಷ್ಟ್ರೀಯ ಸರ್ಟಿಫಿಕೇಟಿನ ಜ್ವರ ಹಿಡಿದಿತ್ತು. ಮಾಡುವ ಕೆಲಸವೆಲ್ಲ ನಂಬರ್ ಇರುವ ಫಾರಂನಲ್ಲಿ ಇರಬೇಕು. ಫಾರಂ ಬದಲಾಯಿಸುವುದಿದ್ದರೆ ಅದಕ್ಕೂ ಒಂದು ಫಾರಂ ತುಂಬಿ ಮೂವರ ಸಹಿ ಹಾಕಿಸಬೇಕು. ಹೀಗಾಗಿ ಲೇತಿನವರಿಗೆಂದು ಅಚ್ಚು ಹಾಕಿಸಿದ ಹಾಳೆಯೇ ಜಿರಾಫೆಗಳಿಗೂ ಬಂತು. ಅದರಲ್ಲಿ ಐದು ಕಾಲಂ: ಕೆಲಸ, ಓಡಾಟ, ಊಟದ ವಿರಾಮ, ಸುಮ್ಮನೆ ನಿಂತಿರುವುದು, ಯಂತ್ರ ಕೆಟ್ಟಿದೆ. ಐದು ನಿಮಿಷಕ್ಕೊಮ್ಮೆ ಯಾವುದಾದರೂ ಒಂದರಲ್ಲಿ ಟಿಕ್ ಹಾಕಬೇಕು. ಕೊನೆಯ ಕಾಲಮ್ಮಿನಲ್ಲಿ ಟಿಕ್ಕುಗಳು ಒಂದು ಗಂಟೆ ದಾಟಿದರೆ ಅದೇ ದಿನ ರಿಪೇರಿಯವರನ್ನು ಕರೆಸಿ, ಏನು ಮಾಡಿದರೆಂದು ಅವರ ಕೈಯಲ್ಲೇ ಬರೆಸಿಕೊಳ್ಳಬೇಕು. ಇಡೀ ಫಾರಂನಲ್ಲಿ ಮ್ಯಾನೇಜರು ಹೆದರುತ್ತಿದ್ದದ್ದು ಆ ಒಂದು ಕಾಲಮ್ಮಿಗೆ. ಯಂತ್ರ ಕೆಟ್ಟಿದ್ದು ಗೊತ್ತಿದ್ದೂ ಸುಮ್ಮನಿದ್ದಿರಿ ಎಂದು ತಪಾಸಣೆಗೆ ಬಂದವರು ಕೇಳಿದರೆ ಸರ್ಟಿಫಿಕೇಟೇ ಹೋಗುತ್ತಿತ್ತು.

ಮನೆಯಲ್ಲಿ ವಿಷಯ ಹೇಳಿದೆ. ನನ್ನ ಹೆಂಡತಿಯೂ ನಾನೂ ದಾವಣಗೆರೆ ಕಡೆಯವರು, ಅವಳು ಮಾತನ್ನು ಸುತ್ತಿ ಬಳಸಿ ಆಡುವವಳಲ್ಲ. "ಜಿರಾಫಿ ನೋಡಾಕೆ ಸಂಬಳ ಕೊಡ್ತಾರಂದ್ರೆ ನಿಮ್ಮ ಕಂಪನಿ ಬಾಳ ದಿನ ಇರಂಗಿಲ್ಲ ಬಿಡ್ರಿ" ಎಂದು ರೊಟ್ಟಿ, ಅವರೆಕಾಳಿನ ಪಲ್ಯ ಕಟ್ಟಿ, ಮಂಕಿ ಟೋಪಿ ಹಾಕಿ ಕಳಿಸಿದಳು.

ಅಲ್ಲಿ ನನಗಾಗಿ ಕಾದಿದ್ದವನು ಜಿರಾಫೆಗಳನ್ನು ನೋಡಿಕೊಳ್ಳುವ ಆಳು. ಬಾಗಲಕೋಟೆ ಕಡೆಯ ನಲವತ್ತು ದಾಟಿದ ಮನುಷ್ಯ, ಹಣೆ ತುಂಬ ವಿಭೂತಿ, ಮೈಮೇಲೆ ಒಂದು ಹಳೇ ಮಿಲಿಟರಿ ಸ್ವೆಟರು. ಆ ಶೆಡ್ಡು ಕಟ್ಟಲು ಗಾರೆ ಕೆಲಸದ ಗುಂಪಿನ ಜೊತೆ ಬಂದವನು. ಕಟ್ಟಿ ಮುಗಿಯುವ ಹೊತ್ತಿಗೆ ಜಿರಾಫೆಗಳು ಲಾರಿಯಲ್ಲಿ ಬಂದಿಳಿದವು. ದೊಡ್ಡದು ಹೆದರಿ ಲಾರಿಯಿಂದ ಇಳಿಯಲಿಲ್ಲವಂತೆ. ಇವನು ಜಾಲಿ ಸೊಪ್ಪಿನ ಟೊಂಗೆ ಹಿಡಿದು ಇಡೀ ಮಧ್ಯಾಹ್ನ ಅದರೆದುರು ನಿಂತು ಇಳಿಸಿದನಂತೆ. ಗುಂಪಿನವರು ಮುಂದಿನ ಕಟ್ಟಡಕ್ಕೆ ಹೋದರು, ಇವನು ಇಲ್ಲೇ ಉಳಿದ. ಜಿರಾಫೆಗಳಿಗೆ ಟ್ರಸ್ಟಿನವರು ಇಂಗ್ಲಿಷ್ ಹೆಸರಿಟ್ಟಿದ್ದರು. ಇವನಿಗೆ ಅವು ದೊಡ್ಡಾಕಿ ಮತ್ತು ಸಣ್ಣಾಕಿ.

ಜಿರಾಫೆಯ ದಿನಚರಿ ಹೇಳುತ್ತೇನೆ ಕೇಳಿ, ನನ್ನ ಹಾಗೆ ನೋಡಿದವರು ಬೊಮ್ಮಸಂದ್ರದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ನಾನು ಹೋಗುವ ಹೊತ್ತಿಗೆ ಮಂಜು ಇನ್ನೂ ಬಿಟ್ಟಿರುತ್ತಿರಲಿಲ್ಲ. ಶೆಡ್ಡಿನ ಬಾಗಿಲಿಗೆ ಗೋಣಿತಾಟು, ಒಳಗೆ ಕರೆಂಟ್ ಇದ್ದರೆ ಹೀಟರು, ಇಲ್ಲದಿದ್ದರೆ ಮೂಲೆಯಲ್ಲಿ ಇದ್ದಿಲ ಒಲೆ. ಕರೆಂಟ್ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಎರಡೂ ಪಕ್ಕೆಗೆ ಪಕ್ಕೆ ತಾಗಿಸಿಕೊಂಡು, ಮೈಕೂದಲು ನಿಮಿರಿಸಿಕೊಂಡು ನಿಂತಿರುತ್ತಿದ್ದವು. ಎಂಟಕ್ಕೆ ಕಾರ್ಖಾನೆಗಳ ಸೈರನ್ನು ಕೂಗಿದರೆ ನಾಲ್ಕು ಕಿವಿಗಳೂ ಒಟ್ಟಿಗೆ ಅತ್ತ ತಿರುಗುತ್ತಿದ್ದವು. ಒಂಬತ್ತಕ್ಕೆ ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಬಾಗಿಲು ತೆರೆಯುತ್ತಿತ್ತು. ಹೊರಗೆ ಬಂದವು ಮೊದಲು ಸೂರ್ಯನಿಗೆ ಪಕ್ಕೆ ಕೊಟ್ಟು ನಿಲ್ಲುತ್ತಿದ್ದವು. ಒಂದು ಪಕ್ಕ ಬೆಚ್ಚಗಾದ ಮೇಲೆ ಇನ್ನೊಂದು. ಆಮೇಲೆ ಎತ್ತರದಲ್ಲಿ ಕಟ್ಟಿದ ಟೊಂಗೆಗಳಿಂದ, ಮುಳ್ಳಿನ ನಡುವೆ ಕಪ್ಪು ನಾಲಿಗೆ ತೂರಿಸಿ, ಒಂದೊಂದೇ ಎಲೆ ಬಿಡಿಸಿ ತಿನ್ನುತ್ತಿದ್ದವು. ಒಂದು ಟೊಂಗೆಗೆ ಮುಕ್ಕಾಲು ಗಂಟೆ. ಮಧ್ಯಾಹ್ನವೆಲ್ಲ ಮೆಲುಕು. ನುಂಗಿದ್ದು ಗುಂಡಗೆ ಉಂಡೆಯಾಗಿ ಆ ಉದ್ದ ಕುತ್ತಿಗೆಯಲ್ಲಿ ಮೇಲೇರುವುದು ಹೊರಗಿನಿಂದಲೇ ಕಾಣುತ್ತಿತ್ತು. ಅಂಥ ಪ್ರಯಾಣವನ್ನು ನಾನು 'ಸುಮ್ಮನೆ ನಿಂತಿರುವುದು' ಎಂಬ ಕಾಲಮ್ಮಿನಲ್ಲಿ ಟಿಕ್ ಹಾಕಿದೆ.

ಬೇರೆಲ್ಲಿ ಹಾಕಲಿ? ನಮ್ಮ ತರಬೇತಿಯ ಪುಸ್ತಕದ ಪ್ರಕಾರ ಕೆಲಸವೆಂದರೆ ಒಂದೇ ಜಾಗದಲ್ಲಿ, ಒಂದೇ ಚಲನೆಯನ್ನು, ಒಂದೇ ವೇಗದಲ್ಲಿ ಮತ್ತೆ ಮತ್ತೆ ಮಾಡುವುದು. ಬಿಸಿಲಿಗೆ ನಿಲ್ಲುವುದು, ಮೆಲುಕು ಹಾಕುವುದು, ದೂರದ ಸೈರನ್ನಿಗೆ ಕಿವಿ ಕೊಡುವುದು ಎಲ್ಲವೂ ಸೋಮಾರಿತನ. ಎಲೆ ಬಿಡಿಸಿ ತಿನ್ನುವುದು ವಿರಾಮ, ಅದೂ ವಿಪರೀತ ಉದ್ದದ ವಿರಾಮ. ಮೊದಲ ವಾರ 'ಕೆಲಸ' ಎಂಬ ಕಾಲಂ ಖಾಲಿ ಬಿದ್ದಿದ್ದನ್ನು ನೋಡಿ ನನಗೆ ಜಿರಾಫೆ ಜಾತಿಯ ಮೇಲೇ ಬೇಸರವಾಗಿತ್ತು.

ಎರಡನೆಯ ವಾರ ದೊಡ್ಡಾಕಿ ನನ್ನ ಮರ್ಯಾದೆ ಉಳಿಸಿದಳು. ಶೆಡ್ಡಿನೊಳಗೆ ನನ್ನ ತಲೆಯ ಮಟ್ಟಕ್ಕೆ, ಅವಳು ಕುತ್ತಿಗೆ ಬಗ್ಗಿಸಿದರೆ ಬಾಯಿಗೆ ಸಿಗುವಂತೆ, ಒಂದು ಕಬ್ಬಿಣದ ಅಡ್ಡಪೈಪಿತ್ತು. ಬೆಳಗಿನ ಹೊತ್ತು ಬಾಗಿಲು ತೆರೆಯುವವರೆಗೂ ಅವಳು ಅದನ್ನು ನೆಕ್ಕುತ್ತಿದ್ದಳು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಸ್ಟಾಪ್‌ವಾಚ್ ಒತ್ತಿ ನೋಡಿದೆ. ಒಂದು ಸುತ್ತಿಗೂ ಇನ್ನೊಂದಕ್ಕೂ ಅರ್ಧ ಸೆಕೆಂಡು ವ್ಯತ್ಯಾಸವಿಲ್ಲ. ಇಪ್ಪತ್ತು ವರ್ಷ ಸರ್ವೀಸಾದ ನಮ್ಮ ಲೇತಿನವರಲ್ಲೂ ಅಂಥ ಶಿಸ್ತು ಕಂಡಿರಲಿಲ್ಲ. ಖುಷಿಯಿಂದ ಟಿಕ್ ಹಾಕುತ್ತ ಹೋದೆ.

"ಏನ್ ಬರಿಯಾಕತ್ತೀರಿ ಸಾಹೇಬ್ರ?" ಎಂದು ಅವನು ಬಗ್ಗಿ ನೋಡಿದ.

"ಕೆಲಸ ಅಂತ ಬರ್ದೀನಿ."

"ಅದು ಕೆಲಸ ಅಲ್ರೀ. ಆಕಿಗೆ ಬ್ಯಾಸರಾಗೇತ್ರಿ. ಬಾಯಿಗೆ ಸೊಪ್ಪು ತಪ್ಪಲ ಸಿಗವಲ್ದು, ಹೊರಗ ಹೋಗಾಕ ಆಗವಲ್ದು. ಅದಕ್ಕ ಪೈಪ ನೆಕ್ಕಾಕತ್ತಾಳ."

ಇಂಜಿನಿಯರಿಂಗ್ ಡಿಪ್ಲೊಮಾ ಮಾಡಿದವನಿಗೆ ಗಾರೆ ಕೆಲಸದವನು ಹೇಳಿದ ಮಾತು ಅದು. ಕಿವಿಗೆ ಹಾಕಿಕೊಳ್ಳಲಿಲ್ಲ.

ತಿಂಗಳ ಕೊನೆಗೆ ನನ್ನ ಹಾಳೆಗಳು ನಮ್ಮ ಆಫೀಸಿನ ಒಂದೇ ಒಂದು ಕಂಪ್ಯೂಟರಿಗೆ ಹೋದವು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಕೋಣೆ ಅದು, ನಮ್ಮ ಮನೆ ದೇವರಿಗೂ ಅಷ್ಟು ಮಡಿಯಿರಲಿಲ್ಲ. ಅಲ್ಲಿಂದ ಬಣ್ಣಬಣ್ಣದ ಚಿತ್ರವಾಗಿ ಹೊರಬಂದವು. ಮ್ಯಾನೇಜರು ಬಾಲ್‌ಪೆನ್ನನ್ನು ಟಿಕ್ ಟಿಕ್ ಎನ್ನಿಸುತ್ತ ಅರ್ಧ ಗಂಟೆ ಅದನ್ನೇ ನೋಡಿದರು. ಶೆಡ್ಡಿನೊಳಗೆ ಪ್ರಾಣಿಗಳು ಕೆಲಸ ಮಾಡುತ್ತವೆ, ಹೊರಗೆ ಬಿಟ್ಟರೆ ಸುಮ್ಮನೆ ನಿಲ್ಲುತ್ತವೆ ಎಂದು ಚಿತ್ರ ಸ್ಪಷ್ಟವಾಗಿ ಹೇಳುತ್ತಿತ್ತು.

"ನೋಡಿದ್ರಾ, ಒಳಗಿದ್ರೇ ಆಕ್ಟಿವ್ ಆಗಿವೆ. ಚಳೀಲಿ ಒಂಬತ್ತಕ್ಕೇ ಯಾಕ್ರೀ ಬಿಡ್ಬೇಕು? ಹನ್ನೆರಡು ಮಾಡ್ಸಿ. ಆ ಕೊಂಬೆ ಕಟ್ಟೋದು ಬೇರೆ ವೇಸ್ಟು, ಮೇವು ಕತ್ತರಿಸಿ ತೊಟ್ಟಿಗೆ ಹಾಕಿದ್ರೆ ಹತ್ತು ನಿಮಿಷಕ್ಕೆ ಮುಗಿಯುತ್ತೆ. ಅಂದಹಾಗೆ ಆ ಕೀಪರ್ ಏನ್ ಮಾಡ್ತಾನೆ? ಅವನದ್ದೂ ಒಂದು ವಾರ ಸ್ಟಡಿ ಮಾಡಿಬಿಡಿ."

ಮೇವು ಕತ್ತರಿಸುವ ಯಂತ್ರ ಬಂದು ಹೊಸ ಏರ್ಪಾಡು ಶುರುವಾಗುವುದಕ್ಕೆ ಒಂದು ವಾರವಿತ್ತು. ಆ ವಾರ ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಟುಕೊಂಡು ಅವನದ್ದೂ ಮಾಡಿದೆ. ಅವನಿಗೆ ಹೇಳಲಿಲ್ಲ, ಹೇಳಿದರೆ ಜನ ಚುರುಕಾಗಿಬಿಡುತ್ತಾರೆ ಎಂದು ನಮ್ಮ ಪುಸ್ತಕದಲ್ಲೇ ಇತ್ತು. ಸೊಪ್ಪು ಕಡಿದು ತರುವುದು, ಲದ್ದಿ ಬಾಚುವುದು, ಒಲೆಗೆ ಇದ್ದಿಲು ಹಾಕುವುದು ಎಲ್ಲ ಕೆಲಸ. ಉಳಿದಂತೆ ಅವನು ದೊಡ್ಡಾಕಿಯ ಎದುರು ನಿಂತುಬಿಡುತ್ತಿದ್ದ. ಬಾಯಲ್ಲಿ ಏನೋ ಮಾತು, ಕೈಯಲ್ಲೊಂದು ಟೊಂಗೆ, ಕೆಲವೊಮ್ಮೆ ಅದೂ ಇಲ್ಲ. ಅವಳು ಬಗ್ಗಿ ಅವನ ಸ್ವೆಟರು ಮೂಸುತ್ತಿದ್ದಳು. ನಾನು ಪ್ರಾಮಾಣಿಕ ನೌಕರ. ಸುಮ್ಮನೆ ನಿಂತಿರುವುದು, ಟಿಕ್. ಸುಮ್ಮನೆ ನಿಂತಿರುವುದು, ಟಿಕ್.

ಹನ್ನೆರಡು ಗಂಟೆಯ ಆಜ್ಞೆ ಜಾರಿಗೆ ಬಂದ ಮೂರನೆಯ ದಿನ ಅವನು ಎಂದಿನಂತೆ ಒಂಬತ್ತಕ್ಕೆ ಬಾಗಿಲು ತೆರೆದ. ಯಾಕಯ್ಯಾ ಎಂದು ಮೃಗಾಲಯದ ಆಫೀಸಿನವರು ಕೇಳಿದ್ದಕ್ಕೆ, "ಬಿಸಲ ಬಿದ್ದೈತ್ರಿ" ಎಂದ. ಅವನ ಮಟ್ಟಿಗೆ ಅಷ್ಟು ಕಾರಣ ಸಾಕಿತ್ತು. ಮರುದಿನ ಅವನನ್ನು ಗೇಟಿಗೆ ಹಾಕಿದರು, ಟಿಕೆಟ್ ಹರಿಯುವುದಕ್ಕೆ. ಪ್ರಾಣಿಗಳ ಹತ್ತಿರ ಸುಳಿಯಬಾರದು ಎಂದೂ ಹೇಳಿದರು. ಬಾಗಿಲು ತೆರೆದದ್ದಕ್ಕೆ ಶಿಕ್ಷೆ ಇದು ಎಂದು ಅವನೂ ತಿಳಿದ, ಎಲ್ಲರೂ ತಿಳಿದರು. ಆದೇಶದ ಪ್ರತಿಯನ್ನು ಮ್ಯಾನೇಜರು ನನಗೆ ತೋರಿಸಿದರು. ಅದರಲ್ಲಿ ಬಾಗಿಲಿನ ಸುದ್ದಿಯೇ ಇರಲಿಲ್ಲ. ಕೆಲಸದ ವೇಳೆಯ ಬಹುಭಾಗ ಸುಮ್ಮನೆ ನಿಂತಿರುವುದು ಅಧ್ಯಯನದಿಂದ ಕಂಡುಬಂದಿದೆ ಎಂದಿತ್ತು. ಕೆಳಗೆ ನನ್ನ ಫಾರಂ ನಂಬರು. ಬೆನ್ನು ತಟ್ಟಿ, "ಒಳ್ಳೇ ಡಾಕ್ಯುಮೆಂಟೇಶನ್" ಎಂದರು.

ಅವನ ಜಾಗಕ್ಕೆ ಬಂದವನು ಬಹಳ ಚುರುಕು. ಕತ್ತರಿಸಿದ ಮೇವನ್ನು ತೊಟ್ಟಿಗೆ ಸುರಿದು, ಲದ್ದಿ ಬಾಚಿ, ನವಿಲುಗಳ ಕಡೆ ಓಡುತ್ತಿದ್ದ. ಒಂದು ನಿಮಿಷ ಎಲ್ಲೂ ನಿಲ್ಲುತ್ತಿರಲಿಲ್ಲ. ನನ್ನ ಹಾಳೆಗಳೂ ಸುಂದರವಾದವು. ದೊಡ್ಡಾಕಿ ಬೆಳಗ್ಗೆ ನಾಲ್ಕು ಗಂಟೆ ಕಾಲ ಎಡಬಿಡದೆ ದುಡಿಯುತ್ತಿದ್ದಳು. ಪೈಪಿನ ಬಣ್ಣ ಹೋಗಿ ಕಬ್ಬಿಣ ಹೊಳೆಯತೊಡಗಿತು. ಸಣ್ಣಾಕಿ ಕೂಡ ಗೋಡೆ ನೆಕ್ಕಲು ಕಲಿತಳು. ಹೊಸಬರಿಗೆ ಹಿರಿಯರಿಂದ ತರಬೇತಿ ಎಂದು ಷರಾದಲ್ಲಿ ಬರೆದೆ. ಈಗ ನೆನೆದರೆ ಆ ಕೈಗೆ ಒಂದು ಬಾರಿಸಬೇಕು ಅನ್ನಿಸುತ್ತದೆ.

ಸಂಕ್ರಾಂತಿ ಕಳೆದ ವಾರ. ರೊಟ್ಟಿ ಮುಗಿಸಿ ಕೈ ತೊಳೆಯಲು ಶೆಡ್ಡಿನ ನಲ್ಲಿಯ ಹತ್ತಿರ ಹೋದವನು ಪೈಪನ್ನು ಹತ್ತಿರದಿಂದ ನೋಡಿದೆ. ಹೊಳೆಯುವ ಜಾಗದಲ್ಲಿ ಕೆಂಪು ಗೆರೆ. ತುಕ್ಕು ಎಂದುಕೊಂಡು ಬೆರಳು ಹಚ್ಚಿದೆ, ಬೆರಳಿಗೆ ಅಂಟಿತು. ತೊಟ್ಟಿಯ ಮೇವು ಮುಟ್ಟಿದ ಹಾಗೇ ಇರಲಿಲ್ಲ. ದೊಡ್ಡಾಕಿ ತಲೆ ಕೆಳಗಿಳಿಸಿದಾಗ ನಾಲಿಗೆಯ ಅಂಚು ಕಂಡಿತು, ಹಸಿ ಗಾಯ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಹಳೆಯ ಹಾಳೆಗಳನ್ನು ತೆಗೆದೆ. ಅವಳದ್ದನ್ನೂ ಅವನದ್ದನ್ನೂ ಒಟ್ಟಿಗೆ ಬರೆದಿದ್ದ ಆ ವಾರದ್ದು, ಅವಳ ಹಾಳೆ ಒಂದು ತೊಡೆಯ ಮೇಲೆ, ಅವನ ಹಾಳೆ ಇನ್ನೊಂದರ ಮೇಲೆ. ಗಂಟೆಗೆ ಗಂಟೆ ಹೊಂದಿಸಿ ನೋಡುತ್ತ ಹೋದೆ. ಅವನು ಎಲ್ಲೆಲ್ಲಿ ಸುಮ್ಮನೆ ನಿಂತಿದ್ದನೋ ಅಲ್ಲೆಲ್ಲ ಅವಳ ಕೆಲಸದ ಕಾಲಂ ಖಾಲಿಯಾಗಿತ್ತು. ಒಂದು ಕಡೆಯೂ ತಪ್ಪಿರಲಿಲ್ಲ. ಅವನು ಎದುರಿಗಿದ್ದಾಗ ಅವಳು ಪೈಪು ಮುಟ್ಟಿರಲಿಲ್ಲ. ಅವನು ಮಾಡುತ್ತಿದ್ದ ಕೆಲಸ ಅದೇ ಆಗಿತ್ತು, ಅದನ್ನು ಐದೈದು ನಿಮಿಷಕ್ಕೆ ಸಾಕ್ಷಿಯಾಗಿ ನೋಡಿ ಬರೆದುಕೊಂಡವನು ನಾನೇ ಆಗಿದ್ದೆ. ನನಗೆ ಆ ಹೊತ್ತು ಬಹಳ ನಾಚಿಕೆಯಾಯಿತು.

ಸಂಜೆ ಮ್ಯಾನೇಜರ ಹತ್ತಿರ ಹೋದೆ. ನೆಕ್ಕುವುದಕ್ಕೆ ಬೇರೆ ಕಾಲಂ ಬೇಕು ಸಾರ್, ಅದು ಕೆಲಸವಲ್ಲ ಎಂದೆ.

"ಫಾರಂ ಮುಟ್ಟೋ ಹಾಗಿಲ್ಲ. ಮುಂದಿನ ತಿಂಗಳು ಆಡಿಟ್ ಇದೆ."

"ನಾಲಿಗೇಲಿ ರಕ್ತ ಬರ್ತಿದೆ ಸಾರ್."

"ಡಾಕ್ಟ್ರು ತಿಂಗಳಿಗೊಂದ್ಸಲ ಬರ್ತಾರಲ್ರೀ, ಆಗ ನೋಡ್ತಾರೆ. ಇರೋ ಕಾಲಂನಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಪೆನ್ನು ಟಿಕ್ ಟಿಕ್ ಎನ್ನಿಸಿದರು.

ಅಡ್ಜಸ್ಟ್ ಮಾಡಿಕೊಂಡೆ. ಮರುದಿನ ಎಂಟಕ್ಕೆ ಅವಳು ಪೈಪಿಗೆ ನಾಲಿಗೆ ಹಚ್ಚಿದೊಡನೆ ಟಿಕ್ಕನ್ನು ಐದನೆಯ ಕಾಲಮ್ಮಿಗೆ ಹಾಕಿದೆ. ಯಂತ್ರ ಕೆಟ್ಟಿದೆ. ಎಂಟೂ ಐದಕ್ಕೆ, ಯಂತ್ರ ಕೆಟ್ಟಿದೆ. ಮಧ್ಯಾಹ್ನ ಹನ್ನೆರಡರವರೆಗೆ ಯಂತ್ರ ಕೆಟ್ಟೇ ಇತ್ತು. ಸಹಿ ಹಾಕಿ, ಸೀಲು ಒತ್ತಿ, ಮ್ಯಾನೇಜರ ಮೇಜಿಗೂ ಗುಣಮಟ್ಟದ ವಿಭಾಗಕ್ಕೂ ಒಂದೊಂದು ಪ್ರತಿ ಕಳಿಸಿದೆ. ಒಂದು ಜಿರಾಫೆಯ ರಕ್ತಕ್ಕೆ ಅಲುಗದ ಕಚೇರಿ ನಾಲ್ಕು ಗಂಟೆಯ ಕೆಟ್ಟ ಯಂತ್ರಕ್ಕೆ ಗಡಗಡ ನಡುಗಿತು. ಆ ಮಧ್ಯಾಹ್ನ ಮೂರಕ್ಕೆಲ್ಲ ಪ್ರಾಣಿವೈದ್ಯರು ಕಂಪನಿ ಕಾರಿನಲ್ಲಿ ಬಂದಿಳಿದರು.

ಡಾಕ್ಟರು ನಾಲಿಗೆ ನೋಡಿದರು, ತೊಟ್ಟಿ ನೋಡಿದರು, ಪೈಪು ನೋಡಿದರು. ಬಿಸಿಲು ಬಿದ್ದೊಡನೆ ಬಾಗಿಲು ತೆರೆಯಿರಿ, ಟೊಂಗೆಗಳನ್ನು ಎತ್ತರಕ್ಕೆ ಕಟ್ಟಿ, ಒಳಗೂ ಕಟ್ಟಿ, ಅದಕ್ಕೆ ಬೇಸರವಾಗಿದೆ ಎಂದರು. ಬಾಗಲಕೋಟೆಯವನು ಡಿಸೆಂಬರಿನಲ್ಲೇ ಹೇಳಿದ ಮಾತು, ಈಗ ಇಂಗ್ಲಿಷಿನಲ್ಲಿ ಬಂದದ್ದರಿಂದ ಎಲ್ಲರಿಗೂ ಅರ್ಥವಾಯಿತು. ಐದನೆಯ ಕಾಲಮ್ಮಿನ ಪಕ್ಕದಲ್ಲಿ ಅದನ್ನು ಅವರೇ ಬರೆದು ಸಹಿ ಹಾಕಿದರು. ಮರುದಿನದಿಂದ ಒಂಬತ್ತಕ್ಕೆ ಬಾಗಿಲು ತೆರೆಯಿತು. ಶಿವರಾತ್ರಿಯ ಹೊತ್ತಿಗೆ ಗಾಯ ಮಾಯ್ದು, ದೊಡ್ಡಾಕಿ ಮತ್ತೆ ಬಿಸಿಲಿಗೆ ಪಕ್ಕೆ ಕೊಟ್ಟು ಮಧ್ಯಾಹ್ನವೆಲ್ಲ ಮೆಲುಕು ಹಾಕತೊಡಗಿದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನೂ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗಬಹುದಿತ್ತು. ಆದರೆ ಗೇಟಿನಲ್ಲಿ ಅವನಿನ್ನೂ ಟಿಕೆಟ್ ಹರಿಯುತ್ತಿದ್ದ. ವಾಪಸ್ ಕರೆಸಿ ಸಾರ್ ಎಂದು ಮ್ಯಾನೇಜರನ್ನು ಕೇಳಿದೆ.

"ನಿಮ್ಮ ಶೀಟೇ ಹೇಳುತ್ತಲ್ರೀ, ಐಡಲ್ ಅಂತ. ತಪ್ಪು ಅಂತೀರಾದ್ರೆ ಬರ್ದು ಕೊಡಿ, ನನ್ನ ಸ್ಟಡಿ ತಪ್ಪು, ಸಹಿ ಹಾಕಿದ್ದು ತಪ್ಪು ಅಂತ. ಅವನನ್ನ ನಾಳೇನೇ ಹಾಕ್ತೀನಿ. ನಿಮ್ಮ ಪ್ರಮೋಶನ್ ಫೈಲೂ ಆ ಕಾಗದ ನೋಡುತ್ತೆ, ಅಷ್ಟೆ."

ಎರಡು ಸಾಲಿನ ಕಾಗದ. ಮನೆಗೆ ಹೋಗಿ ಮೇಜಿನ ಮುಂದೆ ಕೂತೆ. ಹಾಳೆ ಬೆಳ್ಳಗೇ ಇತ್ತು. ನಾಳೆ ಬರೆದರಾಯಿತು ಎಂದೆ. ಆಡಿಟ್ ಮುಗಿಯಲಿ ಎಂದೆ. ಯುಗಾದಿಗೆ ನನಗೆ ಪ್ರಮೋಶನ್ ಬಂತು.

ಜಿರಾಫೆ ಕೆಲಸದ ಕೊನೆಯ ದಿನ ಸಂಜೆ, ಫ್ಯಾಕ್ಟರಿ ಬಸ್ಸಿಗೆ ಕಾಯುತ್ತ ಗೇಟಿನ ಹತ್ತಿರ ನಿಂತಿದ್ದೆ. ದಿನವೂ ಕೇಳುತ್ತಿದ್ದ ಹಾಗೆ ಅವನು ಕೇಳಿದ.

"ಸಾಹೇಬ್ರ, ಇವತ್ತ ಆಕಿ ಏನ್ ಮಾಡಿದ್ಲ್ರೀ?"

"ಏನೂ ಮಾಡ್ಲಿಲ್ಲ. ಸುಮ್ನೆ ನಿಂತಿದ್ಲು."

"ಛಲೋ ಆತು ನೋಡ್ರಿ" ಎಂದು ಅವನು ನಕ್ಕ. ಶೆಡ್ಡಿನ ಕಡೆ ನೋಡಿದ. ನಮ್ಮ ಕಂಪನಿಯ ಬೋರ್ಡಿನ ಮೇಲೆ ಅವಳ ತಲೆ ಮಾತ್ರ ಕಾಣುತ್ತಿತ್ತು, ಎರಡು ಕಿವಿಗಳೂ ಗೇಟಿನ ಕಡೆಗಿದ್ದವು. ಅವನು ಕೈಯಲ್ಲಿದ್ದ ಟಿಕೆಟಿನ ಚೂರುಗಳನ್ನು ಜೇಬಿಗೆ ಹಾಕಿಕೊಂಡು ನನಗೆ ಕೈ ಮುಗಿದ. "ನಾ ಬಾಗಲಾ ತಗದು ಕೆಲಸಾ ಕಳಕೊಂಡೆ. ನೀವು ಬರದು ಅದ ಬಾಗಲಾ ತಗಸಿದ್ರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ ಸಾಹೇಬ್ರ."

ಬಸ್ಸು ಬಂತು. "ಇರ್ಲಿ ಬಿಡ್ರಿ" ಎಂದು ಹತ್ತಿದೆ. ಅವನಿಗೆ ನಾನು ಹೇಳಿದ್ದು ಅಷ್ಟೇ.